ಹಗೇವಿನಲ್ಲಿ ಗಸಿ ತುಂಬಿದ ವರ್ಷ

ಹಿಂದಿನ ದಿನ ಏನೂ ನಡೆಯಲಿಲ್ಲ. ಹಸುಗಳು ಎಂದಿನಷ್ಟೇ ಹಾಲು ಕೊಟ್ಟವು. ಡ್ರೈವರ್ ಬಾಷಾ ಸಾಹೇಬರು ತಮ್ಮ ಇದ್ದಿಲು ಗ್ಯಾಸಿನ ಲಾರಿಗೆ ಬೆಂಕಿ ಹಾಕಿ, ಅದು ಹೊತ್ತಿಕೊಳ್ಳುವ ತನಕ ಅರ್ಧ ಗಂಟೆ ಅದನ್ನು ಬೈದು, ಹಾಲಿನ ಕ್ಯಾನುಗಳನ್ನು ಹೇರಿಕೊಂಡು ಬೆಂಗಳೂರಿಗೆ ಹೊರಟರು. ನಾನೂ ನಮ್ಮ ಭಾವ ಯಲ್ಲಪ್ಪನೂ ನೆಲದೊಳಗಿನ ಹಗೇವಿನ ಬಾಯಿಯ ಚಪ್ಪಡಿ ಸರಿಸಿ ಹನ್ನೆರಡು ಮಂಕರಿ ಗಸಿ, ಅಂದರೆ ಸ್ಪಿರಿಟ್ ಕಾರ್ಖಾನೆಯ ಕಾಳಿನ ಚರಟ, ತೆಗೆದು ಹಸುಗಳಿಗೆ ಹಾಕಿದೆವು. ಮಧ್ಯಾಹ್ನ ನಮ್ಮಕ್ಕ ಮುನಿಯಮ್ಮ ಮುದ್ದೆ, ಹುರುಳಿ ಸಾರು ತಂದಳು. ಹುಣಸೆ ಮರದ ಕೆಳಗೆ ಕುಳಿತು ಉಂಡೆವು.

“ಏನಮ್ಮಿ ಇದು, ಸಾರ್ಗೆ ಉಪ್ಪೇ ಇಲ್ಲ. ಹಸಗಳಿಗಾದ್ರೆ ಹಿಡಿ ಹಿಡಿ ಹಾಕ್ತೀಯ” ಎಂದ ಭಾವ.

“ಹಸ ಹಾಲ್ ಕೊಡ್ತದೆ. ನೀನೇನ್ ಕೊಟ್ಟೀಯ?” ಎಂದಳು ಅಕ್ಕ.

ಭಾವ ನನ್ನ ಕಡೆ ನೋಡಿ, “ನೋಡ್ಲಾ ನಾರಾಣಿ, ನಿಮ್ಮಕ್ಕನ ಬಾಯ” ಎಂದು ನಕ್ಕು, ಇನ್ನೊಂದು ಸವುಟು ಸಾರು ಹಾಕಿಸಿಕೊಂಡ. ಅಷ್ಟೇ. ಸಂಜೆ ಹಾಲು ಕರೆದು ಮನೆಗೆ ಹೋದೆವು.

ಮಾರನೆಯ ದಿನ ಬೆಳಿಗ್ಗೆ ಭಾವ ಆ ಹಗೇವಿನೊಳಗೆ ಸತ್ತುಹೋದ. ಅವನು ಹೇಗೆ ಸತ್ತ ಎಂಬುದರ ಬಗ್ಗೆ ಒಂದು ವರದಿ ಇದೆ. ಅದರಲ್ಲಿ ತಪ್ಪು ಅವನದೆಂದು ಬರೆದಿದೆ. ತಪ್ಪು ನನ್ನದು. ಅದನ್ನು ಸರಿ ಮಾಡಿಸು ಎಂದು ಅಕ್ಕ ನನಗೆ ಹೇಳಿದ್ದಳು. ಅಕ್ಕನೂ ಹೋದ ವರ್ಷ ತೀರಿಕೊಂಡಳು. ಅವಳು ಹೋದ ಮೇಲೆ ಮನೆಯಲ್ಲಿ ಸುಮ್ಮನೆ ಕೂರಲು ಆಗುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಹಸು ಎಮ್ಮೆಗಳ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಆಗಾಗ ನನ್ನ ಹತ್ತಿರ ಬರುತ್ತಾರೆ. ಬೀರ್ ಕಾರ್ಖಾನೆಯಿಂದ ಲಾರಿಗಟ್ಟಲೆ ಬರುವ ಕಾಳಿನ ಚರಟವನ್ನು ಹೇಗೆ ಹಾಕಬೇಕು, ಎಷ್ಟು ಹಾಕಬೇಕು ಎಂದು ಕೇಳುತ್ತಾರೆ. ಇದೇನೋ ಈಗ ಹುಟ್ಟಿದ ವಿದ್ಯೆ ಎಂದುಕೊಂಡಿದ್ದಾರೆ. ನಾವು ಅದನ್ನು ಎರಡನೆಯ ಮಹಾಯುದ್ಧದ ಕಾಲದಲ್ಲೇ ಹಾಕಿದವರು. ಅದರಲ್ಲಿ ಮಾಡಬಹುದಾದ ತಪ್ಪುಗಳನ್ನೆಲ್ಲ ಆಗಲೇ ಮಾಡಿ ಮುಗಿಸಿದ್ದೇವೆ. ಅವನ್ನು ಬರೆದಿಟ್ಟರೆ ಅವರಿಗೆ ಉಪಯೋಗವಾದೀತು.

ಹೊಸೂರಿನಿಂದ ಬೇರಿಕೆಗೆ ಹೋಗುವ ದಾರಿಯಲ್ಲಿ ಆಗ ಒಂದು ಡೇರಿ ಇತ್ತು. ಬೆಂಗಳೂರಿನ ದಂಡಿನ ಆಸ್ಪತ್ರೆಗೆ ಹಾಲು ಕಳಿಸುವುದಕ್ಕೆಂದೇ ಯುದ್ಧ ಶುರುವಾದ ಮೇಲೆ ಕಟ್ಟಿದ್ದು. ಯುದ್ಧ ಮುಗಿದ ಮೇಲೆ ಅದೂ ಮುಗಿಯಿತು, ಈಗ ಅಲ್ಲಿ ಗೋಡೆಯೂ ಇಲ್ಲ. ಸಿಂಧಿ ಹಸುಗಳು ಅರವತ್ತು ಚಿಲ್ಲರೆ ಇದ್ದವು. ಭಾವ ಅಲ್ಲಿ ಮೇವಿನ ಮೇಸ್ತ್ರಿ. ನಾನು ಎಂಟನೆಯ ಕ್ಲಾಸಿನ ತನಕ ಓದಿ ಊರಲ್ಲಿ ಆರಂಬ ಮಾಡಿಕೊಂಡಿದ್ದೆ. “ಓದ್ದೋನು ಬಾರ್ಲಾ, ತೂಕ ಬರ್ಕೊಳ್ಳಕ್ಕೆ ಒಬ್ಬ ಬೇಕು” ಎಂದು ಭಾವನೇ ಕರೆದುಕೊಂಡು ಹೋಗಿ ಸೇರಿಸಿದ. ನನಗಾಗ ಇಪ್ಪತ್ತೆರಡು.

ಎರಡನೆಯ ವರ್ಷಕ್ಕೆ ಕಡಲೆಕಾಯಿ ಹಿಂಡಿ ಸಿಗುವುದು ನಿಂತುಹೋಯಿತು. ಎಲ್ಲಿಗೆ ಹೋಗುತ್ತಿತ್ತೋ ಗೊತ್ತಿಲ್ಲ, ಯುದ್ಧಕ್ಕೆ ಎನ್ನುತ್ತಿದ್ದರು, ಆಗ ಯಾವುದು ಸಿಗದಿದ್ದರೂ ಅದೇ ಉತ್ತರ. ಹಸುಗಳ ಹಾಲು ಇಳಿಯಿತು. ಡೇರಿಯ ಸೂಪರಿಂಟೆಂಡೆಂಟ್ ವೈದ್ಯಲಿಂಗಂ ಎಂಬುವರು, ಕೊಯಮತ್ತೂರಿನ ಕಡೆಯವರು, ದನದ ಡಾಕ್ಟರಿಕೆ ಓದಿದವರು. ಕನ್ನಡದಲ್ಲಿ ಶುರುಮಾಡಿದ ಮಾತನ್ನು ತಮಿಳಿನಲ್ಲಿ ಮುಗಿಸುತ್ತಿದ್ದರು. ಒಂದು ದಿನ ಅವರು ಬೆಂಗಳೂರಿಗೆ ಹೋಗಿ ಬಂದು, ಅಲ್ಲಿ ಒಂದು ಸ್ಪಿರಿಟ್ ಕಾರ್ಖಾನೆ ಇದೆಯೆಂದೂ, ಪೆಟ್ರೋಲಿಗೆ ಬೆರೆಸುವುದಕ್ಕೆ, ಆಸ್ಪತ್ರೆಗೆ ಕಳಿಸುವುದಕ್ಕೆ ನೆನೆದು ಕೆಟ್ಟ ಜೋಳ, ನುಚ್ಚುಗಳಿಂದ ಸ್ಪಿರಿಟ್ ತೆಗೆಯುತ್ತಾರೆಂದೂ, ತೆಗೆದ ಮೇಲೆ ಉಳಿದ ಗಸಿಯನ್ನು ಹೊಲದ ಹಳ್ಳಕ್ಕೆ ಸುರಿಯುತ್ತಿದ್ದಾರೆಂದೂ ಹೇಳಿದರು. “ಅದರಲ್ಲಿ ಹಿಟ್ಟು ಹೋಗಿರ್ತದೆ ಯಲ್ಲಪ್ಪಾ, ಸತ್ವ ಹೋಗಿರಲ್ಲ. ಮಾಡು ನಲ್ಲಾ ಸಾಪ್ಪಿಡುಂ” ಎಂದರು. ಹಸು ಚೆನ್ನಾಗಿ ತಿನ್ನುತ್ತದೆ ಎಂದರ್ಥ.

ಹಾಲು ಇಳಿಸಿದ ಲಾರಿಯಲ್ಲೇ, ಬೇರೆ ಡ್ರಮ್ಮುಗಳಲ್ಲಿ, ಗಸಿ ಬರತೊಡಗಿತು. ನಮ್ಮ ಜಿಲ್ಲೆಯಲ್ಲಿ ಆಗ ಹೆಂಡ, ಸಾರಾಯಿ ಮುಚ್ಚಿಸಿದ್ದರು. ಮೈಸೂರು ಸೀಮೆಯಿಂದ ಹುಳಿ ವಾಸನೆ ಬೀರುತ್ತ ಬರುವ ಲಾರಿಯನ್ನು ಗಡಿಯ ಚೌಕಿಯವರು ಸುಮ್ಮನೆ ಬಿಡುತ್ತಾರೆಯೇ? ಮೊದಲ ದಿನವೇ ಪೊಲೀಸಿನವನು ಡ್ರಮ್ಮಿನ ಮುಚ್ಚಳ ತೆಗೆಸಿದ.

“ಎನ್ನಯ್ಯಾ, ಸಾರಾಯ ವಾಸನೆ!”

“ಹಸುವಿನ ಊಟ ಸಾಮೀ” ಎಂದರು ಬಾಷಾ ಸಾಹೇಬರು.

“ಹಸು ಕುಡಿಯುತ್ತಾ?”

“ನೀವೇ ಒಂದ್ ಚೂರು ನೋಡಿ ಸಾಮೀ, ಏರಿದ್ರೆ ನಾನು ಜೈಲಿಗೆ, ಏರ್ದಿದ್ರೆ ಲಾರಿ ಡೇರಿಗೆ.”

ಅವನು ನಿಜವಾಗಿಯೂ ಬೆರಳದ್ದಿ ನಾಲಿಗೆಗಿಟ್ಟು, ಮುಖ ಕಿವುಚಿ, ಮೂರು ಸಲ ಉಗಿದ. ಅಲ್ಲಿಂದ ಮುಂದೆ ನಮ್ಮ ಲಾರಿಯನ್ನು ದೂರದಿಂದಲೇ ಕೈಬೀಸಿ ಕಳಿಸುತ್ತಿದ್ದನಂತೆ. ಇದನ್ನು ಹೇಳಿ ಭಾವ ವಾರಗಟ್ಟಲೆ ನಗುತ್ತಿದ್ದ.

ನಗುವುದರ ಬಗ್ಗೆ ಒಂದು ಮಾತು. ಗಸಿ ಬಂದ ಮೊದಲ ವಾರದಲ್ಲಿ ರಾಣಿ ಎಂಬ ಹಸು ಹಗ್ಗ ಬಿಚ್ಚಿಕೊಂಡು ಹೋಗಿ, ಡ್ರಮ್ಮಿಗೆ ಬಾಯಿ ಹಾಕಿ ಹೊಟ್ಟೆ ತುಂಬ ತಿಂದುಬಿಟ್ಟಿತು. ಬೆಳಿಗ್ಗೆ ನೋಡಿದರೆ ತೂರಾಡುತ್ತಿತ್ತು. ಹಿಂಗಾಲು ಒಂದು ಕಡೆ, ಮುಂಗಾಲು ಒಂದು ಕಡೆ. ನಾವೆಲ್ಲ ಸುತ್ತ ನಿಂತು ನಕ್ಕೆವು. “ಮನುಷ್ಯರಿಗೆ ಮುಚ್ಚವ್ರೆ, ಈ ಮೂದೇವಿಗ್ ಯಾರ್ ಅಂಗಡಿ ತೆಗ್ದವ್ರು?” ಎಂದು ಭಾವ ಅದರ ಕೊಂಬು ಹಿಡಿದು ಕುಣಿಸಿದ. ವೈದ್ಯಲಿಂಗಂ ಬಂದರು. ನಗಲಿಲ್ಲ. ಹಸುವಿನ ಎಡಗಡೆ ಹೊಟ್ಟೆಗೆ ಕಿವಿಯಿಟ್ಟು ಕೇಳಿದರು.

“ಕುಡಿದಿಲ್ಲ ಅಪ್ಪಾ ಇದು. ಸ್ಪಿರಿಟ್ ಎಲ್ಲಾ ಅಲ್ಲೇ ತೆಗೆದುಬಿಟ್ಟಿರ್ತಾರೆ. ವಯಿರು ಪುಳಿಚ್ಚು ಪೋಚ್ಚು. ಹೊಟ್ಟೆ ಹುಳಿಯಾಗಿದೆ, ಸಾಯ್ತಾ ಇದೆ. ನೀವು ನಗ್ತೀರಿ.”

ಸುಣ್ಣದ ತಿಳಿ, ಅಡುಗೆ ಸೋಡಾ ಕದಡಿ ಬಿದಿರಿನ ಗೊಟ್ಟದಲ್ಲಿ ಕುಡಿಸಿದೆವು. ಸಂಜೆಗೆ ರಾಣಿ ಸತ್ತಿತು. ಭಾವ ಆ ದಿನ ಉಣ್ಣಲಿಲ್ಲ. ಅಂದಿನಿಂದ ಹೊಸ ಮೇವು ಯಾವುದೇ ಬರಲಿ, ಮೊದಲು ಎರಡು ಹಿಡಿ, ಮೂರು ದಿನ ಬಿಟ್ಟು ನಾಲ್ಕು ಹಿಡಿ, ಹೀಗೆ ಏರಿಸುತ್ತ ಹದಿನೈದು ದಿನಕ್ಕೆ ಪೂರ್ತಿ ಪಾಲಿಗೆ ಬರುತ್ತಿದ್ದ. ಗಸಿಯ ಜೊತೆ ಕತ್ತರಿಸಿದ ರಾಗಿ ಹುಲ್ಲು ಇರಲೇಬೇಕು, ಸುಣ್ಣದ ತಿಳಿ ಚಿಮುಕಿಸಲೇಬೇಕು. ಕರುಗಳಿಗೆ ಹಾಕುತ್ತಲೇ ಇರಲಿಲ್ಲ. ಇವತ್ತಿಗೂ ನಾನು ಹುಡುಗರಿಗೆ ಹೇಳುವುದು ಇದನ್ನೇ.

ಆಮೇಲೆ ಹಾಲು ವಾಪಸು ಬಂತು. ಆಸ್ಪತ್ರೆಯ ನರ್ಸಮ್ಮ ಮೂಸಿ ನೋಡಿ, ರೋಗಿಗಳು ಕುಡಿಯುತ್ತಿಲ್ಲ ಎಂದು ಎರಡು ಕ್ಯಾನು ಹಿಂದಕ್ಕೆ ಕಳಿಸಿದ್ದರು. ಹಾಲಿಗೆ ಕಳ್ಳಿನ ವಾಸನೆ. ವೈದ್ಯಲಿಂಗಂ ಗಸಿಯನ್ನೇ ನಿಲ್ಲಿಸೋಣ ಎಂದರು. ಭಾವ ಎರಡು ದಿನ ಕೊಡಿ ಎಂದು ಕೇಳಿಕೊಂಡ. ಆ ಎರಡು ದಿನ ಅವನು ಮಾಡಿದ್ದಿಷ್ಟು: ಗಸಿ ತಿಂದ ಹಸುವಿನ ಮೂತಿಯ ಹತ್ತಿರ ಕುಳಿತು ಅದರ ಉಸಿರು ಮೂಸುವುದು, ಒಂದು ಲೋಟ ಹಾಲು ಕರೆದು ಮೂಸುವುದು, ಮತ್ತೆ ಉಸಿರು, ಮತ್ತೆ ಹಾಲು.

“ಏನ್ ಭಾವ, ಹಸೀಗೆ ಮುತ್ತು ಕೊಡ್ತಾ ಕೂತೀಯ?” ಎಂದೆ ನಾನು.

“ಸುಮ್ಕಿರ್ಲಾ. ಇದ್ರ ಉಸಿರ್ನಾಗೆ ಎಲ್ಲೀಗಂಟ ವಾಸ್ನೆ ಅದೋ ಅಲ್ಲೀಗಂಟ ಹಾಲ್ನಾಗೂ ಅದೆ. ಉಸಿರು ತಿಳಿಯಾದ್ರೆ ಹಾಲೂ ತಿಳಿ. ಮೇಯ್ಸಿ ಕರೀಬಾರ್ದು ಕಣ್ಲಾ, ಕರ್ದು ಮೇಯಿಸ್ಬೇಕು.”

ಅಷ್ಟೇ ಮದ್ದು. ಹಾಲು ಕರೆದ ಮೇಲೆ ಗಸಿ ಹಾಕತೊಡಗಿದೆವು, ವಾಸನೆ ನಿಂತಿತು. ವೈದ್ಯಲಿಂಗಂ ಅದನ್ನು ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಓದಿದವರು ಓದದವನ ಮಾತನ್ನು ಬರೆದುಕೊಳ್ಳುವುದನ್ನು ನಾನು ನೋಡಿದ್ದು ಅದೇ ಮೊದಲು. ಒಳ್ಳೆಯ ಮೇಲಧಿಕಾರಿ. ಮುಂದೆ ನಡೆದದ್ದಕ್ಕೆ ಅವರನ್ನು ದೂರುವ ಹಕ್ಕು ನನಗಿಲ್ಲ.

ಕಷ್ಟ ಬಂದದ್ದು ಲಾರಿಯಿಂದ. ಟೈರು ಸಿಗುತ್ತಿರಲಿಲ್ಲ. ಲಾರಿ ಒಮ್ಮೆ ನಿಂತರೆ ಹತ್ತು ಹನ್ನೆರಡು ದಿನ ನಿಲ್ಲುತ್ತಿತ್ತು. ಹಾಲನ್ನು ಬಾಡಿಗೆ ಗಾಡಿಯಲ್ಲಿ ಹೇಗೋ ಕಳಿಸುತ್ತಿದ್ದೆವು, ಗಸಿ ತರಲು ಯಾರೂ ಒಪ್ಪುತ್ತಿರಲಿಲ್ಲ. ಬಂದಾಗ ಬೇಕಾದಷ್ಟು ಬರುತ್ತಿತ್ತು, ಬೇಸಗೆಯಲ್ಲಿ ಮೂರನೆಯ ದಿನಕ್ಕೆ ಹಸಿರು ಬೂಷ್ಟು ಹಿಡಿದು ಎಸೆಯಬೇಕಾಗುತ್ತಿತ್ತು. ಒಂದು ವಾರ ಹಬ್ಬ, ಮರುವಾರ ಉಪವಾಸ. ಹಸುವಿನ ಹೊಟ್ಟೆ ಇದನ್ನು ತಡೆಯುವುದಿಲ್ಲ.

ಡೇರಿಯ ಹಿಂದಿನ ದಿಣ್ಣೆಯಲ್ಲಿ ಹಳೆಯ ಹಗೇವು ಇತ್ತು. ಈಗಿನವರು ನೋಡಿರಲಾರರು. ನೆಲದೊಳಗೆ ಎರಡಾಳು ಆಳಕ್ಕೆ ಹೊಟ್ಟೆ ದೊಡ್ಡದಾಗಿ, ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ ಸಣ್ಣದಾಗಿ ತೋಡಿದ ಕಣಜ. ಒಳಗೆ ಹುಲ್ಲು ಹಾಸಿ ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ರಾಗಿ ಎಷ್ಟು ವರ್ಷವಾದರೂ ಹುಳು ಹಿಡಿಯುವುದಿಲ್ಲ. ನಮ್ಮ ಸೀಮೆಯ ಊರೂರಿನಲ್ಲೂ ಇತ್ತು. ಅದನ್ನು ತೆರೆಯುವುದಕ್ಕೆ ಒಂದು ಕ್ರಮವಿದೆ. ಚಪ್ಪಡಿ ತೆಗೆದ ಕೂಡಲೇ ಇಳಿಯಬಾರದು. ಒಂದು ಹೊತ್ತು ಬಿಡಬೇಕು. ‘ಹಗೇವು ಉಸಿರು ಬಿಡಲಿ’ ಎನ್ನುತ್ತಾರೆ. ಆಮೇಲೆ ಬುಡ್ಡಿ ದೀಪವನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡಬೇಕು. ದೀಪ ಆರಿದರೆ ಇನ್ನೂ ಕಾಯಬೇಕು. ಉರಿದರೆ ಇಳಿಯಬಹುದು. ಒಮ್ಮೆ ದೀಪ ಉರಿದ ಹಗೇವಿಗೆ ಮತ್ತೆ ದೀಪ ಬಿಡುವ ಪದ್ಧತಿ ಇಲ್ಲ. ಎಷ್ಟು ದಿನ ಬೇಕಾದರೂ ಇಳಿದು ರಾಗಿ ತೆಗೆಯಬಹುದು. ಇದು ನನ್ನ ತಾತನ ಕಾಲಕ್ಕೂ ಹಿಂದಿನಿಂದ ಬಂದದ್ದು, ಯಾರಿಗೂ ಇದರಿಂದ ಕೇಡಾಗಿರಲಿಲ್ಲ.

ಗಸಿಯನ್ನು ಹಗೇವಿನಲ್ಲಿ ತುಂಬಿಟ್ಟರೆ ಹೇಗೆ ಎಂದು ಹೇಳಿದವನು ನಾನು. ಭಾವ ಒಪ್ಪಲಿಲ್ಲ.

“ಒಣಗಿದ್ ರಾಗಿ ಬೇರೆ, ಈ ಒದ್ದೆ ಗಸಿ ಬೇರೆ ಕಣ್ಲಾ.”

“ಗಾಳಿ ಆಡ್ದಿದ್ರೆ ಬೂಷ್ಟು ಹಿಡಿಯಲ್ಲ ಭಾವ. ಉಪ್ಪಿನಕಾಯಿ ಜಾಡಿ ಕಂಡಿಲ್ವಾ?”

ವೈದ್ಯಲಿಂಗಂ ಕೇಳಿ ಖುಷಿಪಟ್ಟರು. ಹಸಿ ಮೇವನ್ನು ಗುಂಡಿಯಲ್ಲಿ ತುಳಿದು ಮುಚ್ಚಿಡುವ ಕ್ರಮ ವಿಲಾಯಿತಿಯಲ್ಲಿದೆ, ಪುಸ್ತಕದಲ್ಲಿ ಓದಿದ್ದೇನೆ ಎಂದರು. ಗಸಿಯನ್ನು ಗೋಣಿಯಲ್ಲಿ ತುಂಬಿ ಮೇಲೆ ಕಲ್ಲು ಹೇರಿ ನೀರು ಹಿಂಡಿದೆವು. ಉಪ್ಪು, ರಾಗಿ ಹುಲ್ಲು ಬೆರೆಸಿ, ಹಗೇವಿನ ಬಾಯಿಯ ತನಕ ತುಳಿದು ತುಂಬಿ, ಚಪ್ಪಡಿ ಮುಚ್ಚಿ ಮೆತ್ತಿದೆವು.

ಮೂರು ವಾರದ ನಂತರ ಲಾರಿ ನಿಂತಿತು. ಹಗೇವು ತೆರೆದೆವು. ಮೇಲೊಂದು ಗೇಣು ಕಪ್ಪಾಗಿತ್ತು. ಅದರ ಕೆಳಗೆ ಹೊಂಬಣ್ಣದ ಗಸಿ, ಹುಳಿ ಬಂದ ದೋಸೆ ಹಿಟ್ಟಿನ ವಾಸನೆ. ಹಸುಗಳು ಹಗ್ಗ ಜಗ್ಗಿಕೊಂಡು ತಿಂದವು. ಭಾವ ಬಂದು ನನ್ನ ಬೆನ್ನಿಗೊಂದು ಗುದ್ದಿ, “ಎಂಟ್ನೇ ಕ್ಲಾಸು ದಂಡ ಆಗ್ಲಿಲ್ಲ ಬುಡ್ಲಾ” ಎಂದ. ನನ್ನ ಕೆಲಸದ ಜೀವನದಲ್ಲಿ ಅಷ್ಟು ಹಿಗ್ಗಿದ ದಿನ ಇನ್ನೊಂದಿಲ್ಲ.

ಮೊದಲ ದಿನ ಕ್ರಮದಂತೆ ಕಾದು, ದೀಪ ಹಿಡಿದೆವು. ಚೆನ್ನಾಗಿ ಉರಿಯಿತು. ಉರಿಯದೆ ಇನ್ನೇನು? ಹಗೇವು ಬಾಯಿಯ ತನಕ ತುಂಬಿತ್ತು, ದೀಪ ಒಂದು ಮೊಳ ಕೂಡ ಇಳಿದಿರಲಿಲ್ಲ. ಆಮೇಲೆ ದಿನದಿನಕ್ಕೆ ಗಸಿ ತಗ್ಗಿತು. ಮೊದಲು ಬಾಯಿಯ ಹತ್ತಿರ ಬಗ್ಗಿ ತೆಗೆದೆವು, ಆಮೇಲೆ ಸೊಂಟದವರೆಗೆ ಇಳಿದು, ಆಮೇಲೆ ಎದೆಮಟ್ಟ. ಆರನೆಯ ದಿನ ಒಳಗೆ ನಿಂತರೆ ಭಾವನ ತಲೆ ಇನ್ನೂ ಬಾಯಿಯ ಹತ್ತಿರವೇ ಇತ್ತು. ಹಂದಿ, ನಾಯಿಗಳ ಕಾಟಕ್ಕೆ ಕೆಲಸ ಮುಗಿದ ಕೂಡಲೇ ಚಪ್ಪಡಿ ಎಳೆದುಬಿಡುತ್ತಿದ್ದೆವು. ಈ ಸಲ ಟೈರು ಬೇಗ ಸಿಕ್ಕಿ ಲಾರಿ ಆಗಲೇ ಓಡುತ್ತಿತ್ತು, ಆದರೂ ತೆರೆದ ಹಗೇವನ್ನು ಕೆಡುವ ಮೊದಲು ಮುಗಿಸಬೇಕಿತ್ತು. ಸಾರಿಗೆ ಉಪ್ಪಿಲ್ಲವೆಂದು ಅಕ್ಕನೊಡನೆ ಜಗಳವಾಡಿದ್ದು ಆ ಆರನೆಯ ದಿನ.

ಏಳನೆಯ ದಿನಕ್ಕೆ ಪೂರ್ತಿ ಒಳಕ್ಕೆ ಇಳಿಯಬೇಕಾಯಿತು. ಏಣಿ ಇಟ್ಟೆವು. ಭಾವ ಒಂದು ಕಾಲು ಏಣಿಯ ಮೇಲಿಟ್ಟು ನಿಂತ. ಒಳಗೆ ಬಗ್ಗಿ ನೋಡಿದ.

“ಬುಡ್ಡಿ ತರ್ಲಾ ನಾರಾಣಿ?” ಎಂದು ಕೇಳಿದ.

ಬುಡ್ಡಿ ಮನೆಯಲ್ಲಿತ್ತು. ಮನೆ ಕೂಗಳತೆಯಲ್ಲಿತ್ತು. ಸೀಮೆಎಣ್ಣೆಗೆ ರೇಷನ್ ಚೀಟಿ ಬಂದಿದ್ದ ಕಾಲ, ಆದರೆ ಅದು ನೆಪವಾಗುವುದಿಲ್ಲ, ಹರಳೆಣ್ಣೆ ಇತ್ತು. ಹಾಲು ಕರೆಯುವ ಹೊತ್ತು ಮುಗಿದಿತ್ತು, ಹಸುಗಳು ಕೂಗುತ್ತಿದ್ದವು. ನಾನು ಹೇಳಿದ ಮಾತು ಅಕ್ಷರಕ್ಕಕ್ಷರ ನೆನಪಿದೆ.

“ಅಯ್ಯೋ ಬುಡು ಭಾವ. ವಾರದಿಂದ ತೆಗೀತಾ ಇದೀವಿ. ಎಲ್ಡನೇ ಸಲ ದೀಪ ಬುಟ್ರೆ ನೋಡ್ದೋರು ನಗ್ತಾರೆ.”

ಭಾವ ನಕ್ಕ. “ಅದೂ ಸರಿ ಅನ್ನು” ಎಂದು ಇಳಿದ. ಮಂಕರಿ ಕೊಡು ಎಂದು ಕೈ ಚಾಚಿದ. ನಾನು ಮಂಕರಿ ಇಳಿಬಿಟ್ಟೆ. ಅದನ್ನು ತೆಗೆದುಕೊಳ್ಳುವುದಕ್ಕೆ ಅವನು ಬಗ್ಗಿದವನು ಮತ್ತೆ ಏಳಲಿಲ್ಲ. ಕೂಗಲಿಲ್ಲ, ಒದ್ದಾಡಲಿಲ್ಲ. ಗಸಿಯ ಮೇಲೆ ಕುಳಿತು ಹಾಗೆಯೇ ಪಕ್ಕಕ್ಕೆ ಒರಗಿದ. ತಮಾಷೆ ಮಾಡುತ್ತಿದ್ದಾನೆಂದು ನಾನು, “ಏಳು ಭಾವ, ಹೊತ್ತಾಯ್ತು” ಎಂದೆ.

ನಾನೂ ಏಣಿಗೆ ಕಾಲಿಟ್ಟೆ. ಹಿಂದಿನಿಂದ ಬಾಷಾ ಸಾಹೇಬರು ಓಡಿಬಂದು ನನ್ನನ್ನು ಕುತ್ತಿಗೆಪಟ್ಟಿ ಹಿಡಿದು ಎಳೆದು ನೆಲಕ್ಕೆ ಕೆಡವಿದರು. “ನೀನೂ ಹೋಗ್ಬೇಡ್ವೋ, ಗ್ಯಾಸು, ಗ್ಯಾಸು!” ಎಂದು ಕೂಗಿದರು. ಇದ್ದಿಲು ಗ್ಯಾಸಿನ ಲಾರಿ ಓಡಿಸುವವರಿಗೆ ಉಸಿರುಗಟ್ಟಿ ಬರುವ ಸಾವು ಹೇಗಿರುತ್ತದೆಂದು ಗೊತ್ತಿತ್ತು. ಬಾವಿಯ ಪಾತಾಳಗರಡಿ ತಂದು, ಪಂಚೆಗೆ ಕೊಕ್ಕೆ ಸಿಕ್ಕಿಸಿ, ನಾಲ್ಕು ಜನ ಸೇರಿ ಎಳೆದೆವು. ಮೇಲೆ ತರುವಷ್ಟರಲ್ಲಿ ಮುಗಿದಿತ್ತು. ಆಮೇಲೆ ಯಾರೋ ದೀಪ ತಂದು ಇಳಿಬಿಟ್ಟರು. ಬಾಯಿಯಿಂದ ಎರಡು ಮೊಳ ಕೆಳಗೆ, ಊದಿದ ಹಾಗೆ ಆರಿಹೋಯಿತು.

ಒಣಗಿದ ರಾಗಿ ಒಮ್ಮೆ ಉಸಿರು ಬಿಟ್ಟರೆ ಸುಮ್ಮನಿರುತ್ತದೆ. ಒದ್ದೆ ಗಸಿ ಮುಗಿಯುವ ತನಕ ಉಸಿರು ಬಿಡುತ್ತಲೇ ಇರುತ್ತದೆ. ಆ ಉಸಿರು ಗಾಳಿಗಿಂತ ಭಾರ. ಮೇಲಕ್ಕೆ ಬರದೆ, ಖಾಲಿಯಾದ ಜಾಗದಲ್ಲಿ ನೀರಿನಂತೆ ನಿಲ್ಲುತ್ತದೆ. ಹಗೇವು ಖಾಲಿಯಾದಷ್ಟೂ ಅದಕ್ಕೆ ಜಾಗ ಹೆಚ್ಚು. ಇದನ್ನು ವೈದ್ಯಲಿಂಗಂ ಆ ಮಧ್ಯಾಹ್ನ, ಹೆಣದ ಪಕ್ಕ ನಿಂತು, ಯಾರಿಗೂ ಅಲ್ಲದ ಹಾಗೆ ಹೇಳಿದರು. ಅವರ ಪುಸ್ತಕದಲ್ಲಿದ್ದ ಗುಂಡಿಗಳಿಗೆ ಅಗಲವಾದ ಬಾಯಿ ಇತ್ತಂತೆ. ಭಾವನಿಗೆ ಪುಸ್ತಕ ಗೊತ್ತಿರಲಿಲ್ಲ, ಆದರೂ ಒಣಗಿದ್ದು ಬೇರೆ, ಹಸಿಯದು ಬೇರೆ ಎಂದು ಮೊದಲೇ ಹೇಳಿದ್ದ. ಏಣಿಯ ಮೇಲೆ ನಿಂತು ಇನ್ನೊಮ್ಮೆ ಕೇಳಿದ್ದ.

ಮೂರನೆಯ ದಿನ ವಿಚಾರಣೆ ನಡೆಯಿತು. ವೈದ್ಯಲಿಂಗಂ, ಒಬ್ಬ ಪೊಲೀಸ್ ಅಧಿಕಾರಿ, ಒಬ್ಬ ಗುಮಾಸ್ತ. ಹಗೇವಿನ ಬಾಯಿಯ ಹತ್ತಿರ ಆಗ ಇದ್ದವನು ನಾನೊಬ್ಬನೇ. ಬಾಷಾ ಸಾಹೇಬರು ಆಮೇಲೆ ಬಂದವರು.

“ದೀಪ ಯಾಕೆ ಬಿಡಲಿಲ್ಲ?” ಎಂದು ಕೇಳಿದರು ವೈದ್ಯಲಿಂಗಂ.

“ಭಾವ ತರಲಿಲ್ಲ ಸಾರ್.”

“ತರಬೇಕು ಅಂತ ಅವನಿಗೆ ಗೊತ್ತಿತ್ತಾ?”

“ಗೊತ್ತಿತ್ತು ಸಾರ್.”

ಎರಡೂ ಮಾತು ನಿಜ. ಅವರು ಇನ್ನೊಂದು ಪ್ರಶ್ನೆ ಕೇಳಲಿಲ್ಲ, ನಾನು ಇನ್ನೊಂದು ಮಾತು ಹೇಳಲಿಲ್ಲ. ಕೆಲಸ ಹೋಗುತ್ತದೆ, ಜೈಲಿಗೂ ಹಾಕಬಹುದು ಎಂದು ಹೆದರಿದ್ದೆ. ಅದಕ್ಕಿಂತ ಹೆಚ್ಚಾಗಿ, ಹೊರಗೆ ಗೋಡೆಗೊರಗಿ ಕುಳಿತಿದ್ದ ಅಕ್ಕನಿಗೆ ಕೇಳಿಸುತ್ತದೆಂದು ಹೆದರಿದ್ದೆ. ಗುಮಾಸ್ತ ಬರೆದುಕೊಂಡ. ಡೇರಿಯಿಂದ ಅಕ್ಕನಿಗೆ ಬಂದ ಇಂಗ್ಲಿಷ್ ಕಾಗದವನ್ನು ಪೋಸ್ಟ್ ಮಾಸ್ಟರು ಓದಿ ಅರ್ಥ ಹೇಳಿದರು. ಮೃತನು ಕೇರ್‌ಲೆಸ್ ಆಗಿ, ಗೊತ್ತಿದ್ದೂ ದೀಪ ಬಿಡದೆ ಇಳಿದನೆಂದು. ಅಕ್ಕನಿಗೆ ಜೀವನದಲ್ಲಿ ಗೊತ್ತಿದ್ದ ಇಂಗ್ಲಿಷ್ ಮಾತು ಅದೊಂದೇ.

ಆ ಹಗೇವಿಗೆ ಕಲ್ಲು ತುಂಬಿಸಿದರು. ಗಸಿ ನಿಲ್ಲಲಿಲ್ಲ, ಹಸುಗಳಿಗೆ ಬೇರೆ ಮೇವಿರಲಿಲ್ಲ. ನೆಲದ ಮೇಲೆಯೇ ಮೂರು ಕಡೆ ಗೋಡೆ ಕಟ್ಟಿ, ಒಂದು ಕಡೆ ತೆರೆದು, ಅದರಲ್ಲಿ ತುಳಿದು ಮೇಲೆ ಮಣ್ಣು ಹಾಕಿ ಮುಚ್ಚುವ ಕ್ರಮ ಬಂತು. ಭಾರದ ಗಾಳಿ ತೆರೆದ ಕಡೆಯಿಂದ ಹರಿದುಹೋಗುತ್ತದೆ. ಈಗ ಮಣ್ಣಿನ ಬದಲು ಪ್ಲಾಸ್ಟಿಕ್ ಹಾಳೆ ಹೊದಿಸುತ್ತಾರೆ. ಹುಡುಗರೇ, ಗಸಿಯಾಗಲಿ ಹಸಿ ಮೇವಾಗಲಿ, ಎಂದೂ ಆಳದ ಗುಂಡಿಯಲ್ಲಿ ಇಡಬೇಡಿ. ಬೇರೆಯವರು ಇಟ್ಟಿದ್ದರೆ, ಇಳಿಯುವ ಪ್ರತಿಸಲ ದೀಪ ಬಿಡಿ. ಬೆಳಿಗ್ಗೆ ಬಿಟ್ಟಿದ್ದರೆ ಮಧ್ಯಾಹ್ನವೂ ಬಿಡಿ. ನಗುವವರು ನಗಲಿ.

ಡೇರಿ ಮುಚ್ಚಿದ ಮೇಲೆ ನಾನು ಸರ್ಕಾರದ ದನದ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದೆ, ಡೆಂಕಣಿಕೋಟೆ, ಕೆಲಮಂಗಲ, ಮತ್ತೆ ಹೊಸೂರು. ಅದನ್ನೆಲ್ಲ ಬರೆಯುವುದಿಲ್ಲ. ಕೆಲಮಂಗಲದ ಹತ್ತಿರ ಒಬ್ಬರು ಬಾಳೆ ಹಣ್ಣಾಗಿಸುವ ಗುಂಡಿಗೆ ಇಳಿಯಲು ಹೊರಟಾಗ ನಾನು ಕೈ ಹಿಡಿದು ನಿಲ್ಲಿಸಿ ದೀಪ ಬಿಡಿಸಿದೆ. ದೀಪ ಉರಿಯಿತು. “ಈ ಕಾಂಪೌಂಡರಯ್ಯಂಗೆ ಪುಕ್ಕಲು” ಎಂದು ಊರೆಲ್ಲ ನಕ್ಕಿತು. ಹೀಗೆ ನಾನು ನಗಿಸಿಕೊಂಡದ್ದು ಬಹಳ ಸಲ. ದೀಪ ಆರಿದ್ದು ಒಂದು ಸಲವೂ ಇಲ್ಲ.

ಅಕ್ಕನಿಗೆ ನಾನು ಹೇಳಿದ್ದು ಬಹಳ ವರ್ಷದ ಮೇಲೆ, ನನ್ನ ನೌಕರಿ ಇನ್ನು ಐದು ವರ್ಷ ಉಳಿದಿದ್ದಾಗ. ಅವಳು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ದೀಪ ಬೇಡ ಎಂದವನು ನಾನು ಎಂದೆ. ಅವಳ ಕೈ ನಿಲ್ಲಲಿಲ್ಲ.

“ಅವತ್ತೇ ಅಂದ್ಕಂಡೆ” ಎಂದಳು. “ಅವ್ನು ಕೇಳ್ದೆ ಇಳ್ಯೋನಲ್ಲ. ಹಸೀಗೆ ಎರಡು ಹಿಡಿ ಹಾಕೋಕೆ ಮೂರ್ ದಿನ ಯೋಚ್ನೆ ಮಾಡೋನು.”

“ಯಾಕಕ್ಕ ಕೇಳ್ಲಿಲ್ಲ ನನ್ನ?”

“ಕೇಳಿ? ಅವ್ನೂ ಇಲ್ಲ, ನಿನ್ನೂ ಕಳ್ಕೊಳ್ಳಾ?” ಇನ್ನೊಂದು ಕಾಯಿ ಸುಲಿದು, “ನನ್ತಾವ ಹೇಳಿ ಏನ್ ಬಂತ್ಲಾ. ಕಾಗದ್ದಾಗೆ ಅವ್ನ ಕೇರ್‌ಲೆಸ್ ಅಂತ ಬರ್ದವ್ರಲ್ಲ, ಅದನ್ನ ಹೋಗಿ ಅಳಿಸು. ಬೇರೇನೂ ಬೇಡ ನಂಗೆ” ಎಂದಳು.

“ರಿಟೈರ್ ಆಗ್ಲಿ ಅಕ್ಕ, ಮೊದ್ಲು ಅದೇ ಕೆಲ್ಸ” ಎಂದೆ. ಪಿಂಚಣಿಗೆ ಏನಾದರೂ ಅಡ್ಡಿಯಾದೀತೆಂದು ಭಯ. ಅವಳು ಬೈಯಲಿಲ್ಲ. ಸುಲಿದ ಕಾಳನ್ನು ಮೊರಕ್ಕೆ ಹಾಕಿಕೊಂಡು ಒಳಗೆ ಹೋದಳು.

ರಿಟೈರ್ ಆದ ತಿಂಗಳಲ್ಲೇ ಹೋದೆ. ಡೇರಿಯ ಕಾಗದಗಳು ಯಾವ ಕಚೇರಿ ಸೇರಿವೆ ಎಂದು ತಿಳಿಯುವುದಕ್ಕೇ ಒಂದು ವರ್ಷ ಹಿಡಿಯಿತು. ಕೊನೆಗೆ ಒಂದು ಕಚೇರಿಯಲ್ಲಿ ಒಬ್ಬ ಹುಡುಗ ಗುಮಾಸ್ತ, ಬಹಳ ಮರ್ಯಾದೆಯವನು, ಧೂಳು ಕೊಡವಿ ವರದಿಯನ್ನು ಹುಡುಕಿ ತೆಗೆದು ನನ್ನ ಮುಂದಿಟ್ಟ. ಒಂದೇ ಹಾಳೆ. ಕೆಳಗೆ ವೈದ್ಯಲಿಂಗಂ ಅವರ ಸಹಿ. ನಾನು ಬಂದ ಕಾರಣ ಹೇಳಿದೆ. ಹುಡುಗ ಪೂರ್ತಿ ಕೇಳಿದ.

“ಐಯಾ, ಇದನ್ನ ನಾವು ತೊಡಕ್ಕೂಡಾದು, ಮುಟ್ಟೋ ಹಂಗಿಲ್ಲ” ಎಂದ. “ಬರೆದ ಆಫೀಸರು ಇದ್ರೆ, ಅವರು ಇನ್ನೊಂದು ಬರೆದುಕೊಟ್ರೆ, ಇದರ ಜೊತೆ ಸೇರಿಸಬಹುದು. ಅವರು ಇದ್ದಾರಾ?”

ಅವರ ಊರಿಗೆ ಕಾಗದ ಬರೆದೆ. ಮಗ ಉತ್ತರ ಬರೆದಿದ್ದರು. ತಂದೆಯವರು ತೀರಿಕೊಂಡು ಎರಡು ವರ್ಷವಾಯಿತೆಂದೂ, ಹೊಸೂರಿನ ಡೇರಿಯ ಒಬ್ಬ ಮೇಸ್ತ್ರಿಯ ಮಾತನ್ನು ಕೊನೆಯ ತನಕ ಆಡುತ್ತಿದ್ದರೆಂದೂ ಇತ್ತು. ಅಕ್ಕ ಹೇಳಿದ ವಾರವೇ ನಾನು ಹೋಗಿದ್ದರೆ ಅವರು ಇರುತ್ತಿದ್ದರು.

ಅದನ್ನೂ ಅಕ್ಕನಿಗೆ ಹೇಳಿದೆ. ಈ ಸಲ ತಡ ಮಾಡಲಿಲ್ಲ. “ಹೋಗ್ಲಿ ಬುಡು” ಎಂದಳು. ಹಾಗೆಂದಳೇ ಹೊರತು, ಆಮೇಲೂ ನಾನು ಪೇಟೆಯಿಂದ ಬಂದಾಗಲೆಲ್ಲ ನನ್ನ ಕೈಯನ್ನು ಒಮ್ಮೆ ನೋಡುತ್ತಿದ್ದಳು, ಕಾಗದವೇನಾದರೂ ಇದೆಯೇ ಎಂದು. ಕಳೆದ ವರ್ಷ ಅವರೆಕಾಯಿಯ ಕಾಲದಲ್ಲಿ ಎರಡು ದಿನ ಜ್ವರ ಬಂದು ಹೋದಳು.

ಮೊನ್ನೆ ಮತ್ತೆ ಆ ಕಚೇರಿಗೆ ಹೋಗಿದ್ದೆ. ಗುಮಾಸ್ತ ಬೇರೆ, ಹಾಳೆ ಅದೇ. ಅದರಲ್ಲಿ ಯಲ್ಲಪ್ಪನ ಹೆಸರು ಇದೆ, ಅವನ ಮೇಲಿನ ಆ ಮಾತು ಇದೆ, ಹಗೇವಿನ ಆಳ ಇದೆ, ಸಾಕ್ಷಿ ಹೇಳಿದ ಸಂಬಂಧಿಕನೊಬ್ಬ ಎಂದಷ್ಟೇ ನಾನಿದ್ದೇನೆ. ದೀಪ ಬೇಡವೆಂದು ಹೇಳಿದವನ ಹೆಸರು ಅದರಲ್ಲಿ ಇಲ್ಲ.